ಅಜ್ಜನಿಗೆ ಎದುರು ಮಾತನಾಡುವ ಮಗನನ್ನು ಪೆಟ್ಟು ಕೊಡದೆ ತಿದ್ದುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಹತ್ತಿರದಿಂದ, ಒಬ್ಬ ತಾಯಿ

ಕಳೆದ ಬೇಸಿಗೆ ರಜೆಯಲ್ಲಿ ನಾವು ಬೆಂಗಳೂರಿನ ಬಾಡಿಗೆ ಮನೆಯನ್ನು ಬಿಟ್ಟು, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರವಿರುವ ಪತಿಯ ಹಿರಿಯರ ಮನೆಗೆ ಬಂದು ನೆಲೆಸಿದ್ದೇವೆ. ಅಡಕೆ ತೋಟವನ್ನು ನೋಡಿಕೊಳ್ಳಲು ಮಾವನವರಿಗೆ ಈಗ ಕೈಲಾಗುವುದಿಲ್ಲ ಎಂಬುದೇ ಮುಖ್ಯ ಕಾರಣ. ನಮಗೆ 9 ವರ್ಷದ ಮಗನೂ 5 ವರ್ಷದ ಮಗಳೂ ಇದ್ದಾರೆ. ಮಗಳು ಬಂದ ವಾರದಲ್ಲೇ ಅಜ್ಜಿಯ ಸೆರಗು ಹಿಡಿದು ತಿರುಗತೊಡಗಿದಳು. ನನ್ನ ಚಿಂತೆಯೆಲ್ಲ ಮಗನದ್ದು. ಅಜ್ಜ ಕರೆದರೆ ಅವನು ಓಗೊಡುವುದಿಲ್ಲ. ಮೊಬೈಲ್ ಕೆಳಗಿಡು ಎಂದರೆ "ನಿಮಗೆ ಏನೂ ಗೊತ್ತಿಲ್ಲ, ಸುಮ್ಮನಿರಿ" ಎನ್ನುತ್ತಾನೆ. ಮನೆಗೆ ಬಂದ ನೆಂಟರನ್ನು ಕಂಡರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಈಚೆಗೆ ಮನೆಯಲ್ಲಿ ಶ್ರಾದ್ಧವಿದ್ದ ದಿನ, ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದಾಗ, ಪತಿಯ ದೊಡ್ಡಪ್ಪನವರು ಅವನು ಕನ್ನಡ ಮಾತನಾಡುವ ರೀತಿಯನ್ನು ಅಣಕಿಸಿ ನಕ್ಕರು. ಅವನು ಅವರ ಊರುಗೋಲನ್ನು ಎತ್ತಿ ಅಂಗಳಕ್ಕೆ ಎಸೆದುಬಿಟ್ಟ.

ಅಂದಿನಿಂದ ಮನೆಯಲ್ಲಿ ಒಂದೇ ಮಾತು. ಮಾವನವರು ಬೆತ್ತವೊಂದನ್ನು ತರಿಸಿ ಬಾಗಿಲ ಮೇಲೆ ಸಿಕ್ಕಿಸಿಟ್ಟಿದ್ದಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಅತ್ತೆಯವರೂ ಹೇಳುತ್ತಾರೆ. ಪತಿ ತಂದೆಯ ಮಾತನ್ನು ಮೀರಲಾರದೆ, ನನ್ನ ಮಾತನ್ನು ತಳ್ಳಿಹಾಕಲಾರದೆ ಸುಮ್ಮನಿದ್ದಾರೆ. ಮಗನ ನಡತೆಯನ್ನು ನಾನು ಸಮರ್ಥಿಸುವುದಿಲ್ಲ. ಮಾವನವರ ಮನಸ್ಸು ನೊಂದಿರುವುದು ನನಗೂ ಸಂಕಟ. ಆದರೆ ಪೆಟ್ಟಿನ ಭಯಕ್ಕೆ ತಲೆಬಾಗುವುದನ್ನು ಗೌರವವೆಂದು ಒಪ್ಪಲು ನನ್ನಿಂದಾಗುತ್ತಿಲ್ಲ. ಕೂಡುಕುಟುಂಬದಲ್ಲಿ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ದಾರಿ ತಿಳಿಸಬೇಕು.

ಉತ್ತರ 1: ಕುಂಬಳೆಯಿಂದ, ನಿವೃತ್ತ ಅಧ್ಯಾಪಕ

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ. ಅಜ್ಜನ ಮಾತಿಗೆ ಓಗೊಡದಿರುವುದು, ಎದುರು ಮಾತನಾಡುವುದು ದಿನನಿತ್ಯದ ಅಭ್ಯಾಸ. ಊರುಗೋಲು ಎಸೆದದ್ದು ಅವಮಾನಗೊಂಡ ಹುಡುಗನ ಸಿಟ್ಟು. ಎರಡಕ್ಕೂ ಒಂದೇ ಮದ್ದು ಹಾಕಿದರೆ ಯಾವುದೂ ಗುಣವಾಗದು.

ಮೊದಲು ಊರುಗೋಲಿನ ವಿಚಾರ. ವಯಸ್ಸಾದವರಿಗೆ ಅದು ನಡೆಯಲು ಇರುವ ಆಧಾರ. ಅದನ್ನು ಎಸೆಯುವುದು ಯಾವ ಕಾರಣಕ್ಕೂ ಸಲ್ಲದು ಎಂಬುದನ್ನು ಹುಡುಗನಿಗೆ ಸ್ಪಷ್ಟವಾಗಿ ಹೇಳಬೇಕು. ಅಂತಹ ಸಂದರ್ಭದಲ್ಲಿ ಕೂಗಾಡದೆ, ಅವನನ್ನು ಚಾವಡಿಯಿಂದ ಆಚೆ ಕರೆದುಕೊಂಡು ಹೋಗಿ, ಉಸಿರು ಹಿಡಿತಕ್ಕೆ ಬರುವವರೆಗೆ ಜೊತೆಯಲ್ಲಿ ಕುಳಿತು, ಆಮೇಲೆ ಕೋಲನ್ನು ಅವನಿಂದಲೇ ಹೆಕ್ಕಿಸಿ, ಒರೆಸಿ, ಎರಡು ಕೈಗಳಲ್ಲಿ ಹಿರಿಯರಿಗೆ ಕೊಡಿಸಬೇಕು. ಮಾಡಿದ ತಪ್ಪನ್ನು ತಾನೇ ಸರಿಪಡಿಸುವುದು ಇಲ್ಲಿ ಶಿಕ್ಷೆ. ಮೂರು ದಿನ ಮೊಬೈಲ್ ಇಲ್ಲ, ಊಟ ಇಲ್ಲ ಎನ್ನುವಂತಹ ಶಿಕ್ಷೆಗಳಿಗೂ ಎಸೆದ ಕೋಲಿಗೂ ಮಕ್ಕಳ ಮನಸ್ಸಿನಲ್ಲಿ ಸಂಬಂಧ ಹುಟ್ಟುವುದಿಲ್ಲ. ಊಟವನ್ನಂತೂ ಎಂದೂ ಶಿಕ್ಷೆಯಾಗಿ ಬಳಸಬಾರದು. ಹಾಗೆಯೇ ದೊಡ್ಡಪ್ಪನವರಿಗೂ ನಿಮ್ಮ ಪತಿಯು ಏಕಾಂತದಲ್ಲಿ, ವಿನಯದಿಂದ, ಹುಡುಗನ ಮಾತನ್ನು ನೆಂಟರ ನಡುವೆ ಅಣಕಿಸಬೇಡಿ ಎಂದು ಹೇಳಲೇಬೇಕು. ಇದು ನೀವು ಹೇಳುವ ಮಾತಲ್ಲ. ಆ ಮನೆಯ ಮಗ ಹೇಳಬೇಕಾದ ಮಾತು. ಬೆಂಗಳೂರಿನ ಶಾಲೆಯಿಂದ ಬಂದ ಮಗು ನಮ್ಮಲ್ಲಿ ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಪುಸ್ತಕದ ಕನ್ನಡ ಕೇಳಬೇಕಾಗುತ್ತದೆ. ಒಂದೇ ವರ್ಷದಲ್ಲಿ ಇಷ್ಟನ್ನು ಹೊಂದಿಸಿಕೊಳ್ಳುತ್ತಿರುವವನನ್ನು ನಕ್ಕು ಕುಗ್ಗಿಸಿದರೆ ಅವನು ಬಾಗಿಲು ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ದಿನನಿತ್ಯದ ಅಭ್ಯಾಸದ ಬಗ್ಗೆ. ಮನೆಯ ನಾಲ್ಕು ಹಿರಿಯರು ಮಕ್ಕಳಿಲ್ಲದ ಹೊತ್ತಿನಲ್ಲಿ ಕುಳಿತು ಎರಡೋ ಮೂರೋ ನಿಯಮಗಳನ್ನು ಒಪ್ಪಿಕೊಳ್ಳಿ, ಹೆಚ್ಚು ಬೇಡ. ಕರೆದಾಗ ಎದ್ದು ಹತ್ತಿರ ಬಂದು ಉತ್ತರಿಸಬೇಕು; ಊಟದ ಹೊತ್ತಿಗೆ ಮೊಬೈಲ್ ಚಾವಡಿಯ ಕಪಾಟಿನಲ್ಲಿರಬೇಕು, ಅದು ದೊಡ್ಡವರ ಮೊಬೈಲಿಗೂ ಅನ್ವಯಿಸಬೇಕು; ಸಿಟ್ಟು ಬಂದರೆ ಹೇಳಬಹುದು, ಆದರೆ ಯಾರನ್ನೂ ಹೀಯಾಳಿಸಬಾರದು. ಅಪ್ಪ ಬೇಡವೆಂದದ್ದನ್ನು ಅಜ್ಜಿ ಮರೆಯಲ್ಲಿ ಕೊಟ್ಟರೆ, ಅಮ್ಮ ಹಾಕಿದ ನಿಯಮವನ್ನು ಅಜ್ಜ ಎಲ್ಲರ ಮುಂದೆ ಟೀಕಿಸಿದರೆ ಮಗು ಕಲಿಯುವುದು ದೊಡ್ಡವರ ನಡುವಿನ ಬಿರುಕನ್ನು ಬಳಸಿಕೊಳ್ಳುವುದನ್ನೇ. ನನ್ನ ಅಧ್ಯಾಪಕ ಜೀವನದಲ್ಲಿ ತುಂಟ ಮಕ್ಕಳಿಗಿಂತ ಹೆಚ್ಚಾಗಿ ನಾನು ಕಂಡದ್ದು ಇಂತಹ ಒಮ್ಮತವಿಲ್ಲದ ಮನೆಗಳನ್ನು.

ಗೌರವವನ್ನು ಉಪದೇಶದಿಂದ ಕಲಿಸಲು ಆಗುವುದಿಲ್ಲ ಎಂದು ನನಗೆ ಅನಿಸುತ್ತದೆ. ನಮ್ಮ ಊರಿನ ಯಕ್ಷಗಾನ ತರಗತಿಗಳಿಗೆ ಬರುವ ಮಕ್ಕಳನ್ನೇ ನೋಡಿ. ಹೆಜ್ಜೆ ಹಾಕುವ ಮೊದಲು ಗುರುಗಳಿಗೆ ನಮಸ್ಕರಿಸುವುದು, ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟುವುದು, ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಕೈಮುಗಿದು ಬಣ್ಣಕ್ಕೆ ಕೂರುವುದು ಎಲ್ಲವನ್ನೂ ಅವರು ದೊಡ್ಡ ಮಕ್ಕಳನ್ನು ನೋಡಿಯೇ ಮಾಡುತ್ತಾರೆ. ಮನೆಯಲ್ಲಿ ಅವರೇ ಹಟಮಾರಿಗಳಾಗಿರುತ್ತಾರೆ! ನೀವೂ ನಿಮ್ಮ ಪತಿಯೂ ಮಾವನವರ ಬಳಿ ಹೇಗೆ ಮಾತನಾಡುತ್ತೀರಿ, ಅವರು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿದಾಗ ನಿಮ್ಮ ಮುಖ ಹೇಗಿರುತ್ತದೆ ಎಂಬುದನ್ನು ಮಗ ನೋಡುತ್ತಲೇ ಇರುತ್ತಾನೆ.

ಉತ್ತರ 2: ಮಂಜೇಶ್ವರದಿಂದ, ಇಬ್ಬರು ಮಕ್ಕಳ ತಂದೆ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನಾವೆಲ್ಲ ಶಾಲೆಯಲ್ಲಿಯೂ ಮನೆಯಲ್ಲಿಯೂ ಪೆಟ್ಟು ತಿಂದೇ ಬೆಳೆದವರು; ಅದರಿಂದ ನಮ್ಮ ಮನಸ್ಸು ಕೆಟ್ಟಿಲ್ಲ, ಹಿರಿಯರ ಮೇಲಿನ ಪ್ರೀತಿಯೂ ಕಡಿಮೆಯಾಗಿಲ್ಲ. ಒಂಬತ್ತು ವರ್ಷದ ಹುಡುಗ ಅಜ್ಜನ ಪ್ರಾಯದವರ ಊರುಗೋಲನ್ನು ಎಸೆದಾಗಲೂ ಹೊರಗೆ ಕರೆದು ಕೂರಿಸಿ ಸಮಾಧಾನ ಹೇಳಿದರೆ, ನಾಳೆ ಅವನು ಯಾರಿಗೆ ಹೆದರಬೇಕು? ಸಿಟ್ಟಿನಲ್ಲಿ ಹೊಡೆಯುವುದು ತಪ್ಪು, ಅದು ನನಗೂ ಗೊತ್ತು. ಆದರೆ ಕಾರಣ ಹೇಳಿ ಕೈಗೆ ಒಂದು ಪೆಟ್ಟು ಕೊಡುವುದನ್ನು ಕ್ರೌರ್ಯವೆಂದು ಕರೆಯುವುದು ಸರಿಯೆನಿಸುವುದಿಲ್ಲ. ಹಿರಿಯರ ಅನುಭವಕ್ಕೂ ಬೆಲೆ ಇದೆ.

ಉತ್ತರ 3: ಕಾಞಂಗಾಡಿನಿಂದ, ಮಕ್ಕಳ ಆಪ್ತಸಮಾಲೋಚಕಿ

ಮೇಲಿನ ಸಹೋದರರು ಪ್ರಾಮಾಣಿಕವಾಗಿ ಬರೆದಿದ್ದಾರೆ. ಹೆಚ್ಚಿನ ತಂದೆಯರು ನನ್ನ ಮುಂದೆ ಕುಳಿತಾಗಲೂ ಇದೇ ಮಾತನ್ನು ಹೇಳುತ್ತಾರೆ; ಅದಕ್ಕಾಗಿ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಪೆಟ್ಟು ಆ ಕ್ಷಣದಲ್ಲಿ ಕೆಲಸ ಮಾಡುವಂತೆ ಕಾಣುತ್ತದೆ. ಮಗು ನಿಲ್ಲುತ್ತದೆ, ಅಳುತ್ತದೆ, ಸುಮ್ಮನಾಗುತ್ತದೆ. ಕಷ್ಟವೇನೆಂದರೆ ಏನು ಮಾಡಬಾರದೆಂದು ಅದು ಹೇಳುತ್ತದೆಯೇ ಹೊರತು, ಸಿಟ್ಟು ಬಂದಾಗ ಏನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ಬಲವಿದ್ದವನು ಕೈಯೆತ್ತಬಹುದು ಎಂಬ ಪಾಠವನ್ನು ಮಾತ್ರ ಮಗು ತಂಗಿಯ ಮೇಲೆ, ತರಗತಿಯ ಸಣ್ಣ ಮಕ್ಕಳ ಮೇಲೆ ಬಳಸುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2018ರಲ್ಲಿ ಪೋಷಕರು ಹೊಡೆಯುವುದನ್ನೂ ಕೂಗಾಡಿ ಅವಮಾನಿಸುವುದನ್ನೂ ಬಿಡಬೇಕೆಂದು ಸ್ಪಷ್ಟವಾಗಿ ಹೇಳಿತು. ಮನೆಯೊಳಗಿನ ಹೊಡೆತವನ್ನೂ ಕಾನೂನಿನಿಂದ ನಿಷೇಧಿಸಿದ ಮೊದಲ ದೇಶ ಸ್ವೀಡನ್, 1979ರಲ್ಲಿ. ನಮ್ಮ ನೆರೆಯ ನೇಪಾಳ 2018ರಲ್ಲಿ ಅದೇ ಹಾದಿ ಹಿಡಿಯಿತು. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಯಾರೂ ಹೊಡೆಯಬಾರದ ಮಗುವಿಗೆ ಮನೆಯ ಬಾಗಿಲ ಮೇಲೆ ಬೆತ್ತ ಕಂಡರೆ ಅದಕ್ಕೆ ಮನೆಯೇ ಭಯದ ಜಾಗವಾಗುತ್ತದೆ. ಆ ಬೆತ್ತವನ್ನು ತೆಗೆಸಲು ನಿಮ್ಮ ಪತಿಯೇ ತಂದೆಯವರಲ್ಲಿ ಕೇಳಿಕೊಳ್ಳಲಿ.

ಪೆಟ್ಟು ತಿಂದೂ ನಾವು ಚೆನ್ನಾಗಿಯೇ ಬೆಳೆದೆವು ಎನ್ನುವವರು ತಮ್ಮ ಅಜ್ಜಿ ಹೇಳಿದ ಕಥೆಗಳನ್ನೂ ತಂದೆ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದೊಯ್ದದ್ದನ್ನೂ ಮರೆಯಬಾರದು. ಅವರನ್ನು ಬೆಳೆಸಿದ್ದು ಆ ಪ್ರೀತಿ.

ತಾಯಿಯವರಿಗೆ ಕೆಲವು ವಿಷಯಗಳು. ಓಗೊಡದಿರುವುದು ಯಾವಾಗಲೂ ಅಹಂಕಾರವಲ್ಲ. ಪದೇ ಪದೇ ಶೀತವಾಗಿ ಕಿವಿಯೊಳಗೆ ನೀರು ನಿಂತ ಮಕ್ಕಳಿಗೆ ಮೆಲುದನಿ ಸರಿಯಾಗಿ ಕೇಳಿಸುವುದಿಲ್ಲ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ನಿದ್ದೆಯನ್ನು ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು; ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡಿ ಬೆಳಗ್ಗೆ ಶಾಲೆಯ ಬಸ್ಸಿಗೆ ಓಡುವ ಹುಡುಗ ಸಂಜೆ ಸಿಡುಕುವುದು ಸಹಜ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ನೀಡಿದ ಸಲಹೆಯಂತೆ 5ರಿಂದ 10 ವರ್ಷದವರಿಗೆ ಮೊಬೈಲ್, ಟಿ.ವಿ. ಎಲ್ಲ ಸೇರಿ ದಿನಕ್ಕೆ 2 ಗಂಟೆಗಿಂತ ಕಡಿಮೆ ಇರಬೇಕು. ಆದರೆ ಮೊಬೈಲನ್ನು ಅಜ್ಜ ಕಸಿದುಕೊಳ್ಳುವಂತೆ ಮಾಡಬೇಡಿ. ಹೊತ್ತು ಮುಗಿಯುವ ಐದು ನಿಮಿಷ ಮೊದಲು ನೀವೇ ತಿಳಿಸಿ, ಮುಗಿದಾಗ ನೀವೇ ತೆಗೆದುಕೊಳ್ಳಿ. ಕಸಿಯುವ ಕೆಲಸ ಅಜ್ಜನ ಪಾಲಿಗೆ ಬಂದರೆ ಮಗುವಿನ ಕಣ್ಣಿಗೆ ಅಜ್ಜನೆಂದರೆ ಅದೊಂದೇ ಆಗಿಬಿಡುತ್ತದೆ.

ಒಳ್ಳೆಯದಾಗಿ ನಡೆದುಕೊಂಡಾಗ ಅದನ್ನು ಗುರುತಿಸಿ ಹೇಳುವುದು ನಮ್ಮ ಮನೆಗಳಲ್ಲಿ ಬಹಳ ಕಡಿಮೆ. ಹೊಗಳಿದರೆ ಮಗು ಕೆಡುತ್ತದೆ ಎಂಬ ನಂಬಿಕೆ ಇದೆ. "ಒಳ್ಳೆಯ ಹುಡುಗ" ಎನ್ನಬೇಕಾಗಿಲ್ಲ. "ಅಜ್ಜ ಕರೆದಾಗ ಆಟ ಬಿಟ್ಟು ಎದ್ದು ಹೋದೆ, ನೋಡಿದೆ" ಎಂದು ನಡೆದದ್ದನ್ನು ಹೇಳಿದರೆ ಸಾಕು.

ಆರು ತಿಂಗಳಿಗೂ ಹೆಚ್ಚು ಕಾಲ ಮನೆಯಲ್ಲಿಯೂ ಶಾಲೆಯಲ್ಲಿಯೂ ಇದೇ ರೀತಿ ಹಟ, ಸಿಟ್ಟು ಮುಂದುವರಿದರೆ, ತನಗಾಗಲೀ ಇತರರಿಗಾಗಲೀ ನೋವು ಮಾಡತೊಡಗಿದರೆ, ಊಟ ನಿದ್ದೆ ಕೆಟ್ಟರೆ ತಜ್ಞರನ್ನು ಕಾಣಬೇಕು. ಕೇರಳದ ಹಲವು ಸರಕಾರಿ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಕೌನ್ಸಿಲರ್‌ಗಳಿದ್ದಾರೆ. ತರಗತಿ ಅಧ್ಯಾಪಕರಲ್ಲಿ ವಿಚಾರಿಸಿ. ರಾಜ್ಯದ ಆರೋಗ್ಯ ಸಹಾಯವಾಣಿ ದಿಶಾ 1056, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098.

ಉತ್ತರ 4: ನೀರ್ಚಾಲಿನಿಂದ, ಮೊಮ್ಮಕ್ಕಳಿರುವ ಒಬ್ಬ ಅಜ್ಜಿ

ಮಗಳೇ, ನಮ್ಮ ಪ್ರಾಯದವರ ಪರವಾಗಿ ಎರಡು ಮಾತು. ನಿನ್ನ ಮಾವನವರಿಗೆ ತೋಟದ ಕೆಲಸ ಕೈಬಿಟ್ಟಿದೆ, ಮನೆಯ ಲೆಕ್ಕಾಚಾರ ಮಗನ ಕೈಗೆ ಹೋಗಿದೆ; ಈಗ ಮೊಮ್ಮಗನೂ ಮಾತು ಕೇಳದಿದ್ದರೆ ತಾನು ಯಾರಿಗೂ ಬೇಡವಾದೆನೆಂದು ಅವರಿಗೆ ಅನಿಸುತ್ತದೆ. ಬೆತ್ತ ತರಿಸಿದ್ದು ಆ ನೋವಿನಿಂದಲೇ ಇರಬಹುದು. ಅವರ ಜೊತೆ ವಾದ ಮಾಡಬೇಡ, ಅವರಿಗೆ ಕೆಲಸ ಕೊಡು.

ಹುಡುಗನನ್ನೂ ಅಜ್ಜನನ್ನೂ ಕೂಡಿಸುವ ಕೆಲಸ ನಿಮ್ಮ ಮನೆಯಲ್ಲಿಯೇ ಇದೆ. ಅಂಗಳದಲ್ಲಿ ಅಡಕೆ ಹರವಿದ ಮೇಲೆ ಅದು ಒಣಗಲು 40–45 ದಿನ ಬೇಕು. ಅಷ್ಟು ದಿನವೂ ದಿನಾ ಕೈಯಾಡಿಸಬೇಕು, ಮೋಡ ಕಂಡರೆ ಟಾರ್ಪಾಲು ಮುಚ್ಚಬೇಕು, ಒಣಗಿತೋ ಇಲ್ಲವೋ ಎಂದು ಕಿವಿಯ ಬಳಿ ಅಲ್ಲಾಡಿಸಿ ನೋಡಬೇಕು. ಅದನ್ನು ಹೇಳಿಕೊಡಲು ಅಜ್ಜನಿಗಿಂತ ಬೇರೆ ಯಾರಿದ್ದಾರೆ? ಸಂಜೆ ಅಜ್ಜನಿಗೆ ವೀಳ್ಯ ಜಜ್ಜಿ ಕೊಡುವುದು, ಮಾತ್ರೆಯ ಹೆಸರು ಓದಿ ಹೇಳುವುದು, ಬೆಂಗಳೂರಿನಲ್ಲಿರುವ ಸಂಬಂಧಿಕರಿಗೆ ವೀಡಿಯೋ ಕರೆ ಮಾಡಿಸಿಕೊಡುವುದು ಹುಡುಗನ ಪಾಲಿನ ಕೆಲಸವಾಗಲಿ. ಮೊಬೈಲಿನ ವಿಷಯದಲ್ಲಿ ಅಜ್ಜನಿಗೆ ಗೊತ್ತಿಲ್ಲ ಎಂದು ಹೀಯಾಳಿಸುವವನೇ ಆಗ ಕಲಿಸುವವನಾಗುತ್ತಾನೆ. ನನ್ನ ಮೊಮ್ಮಗಳು ನನ್ನ ಬಳಿ ಕುಳಿತು ನಮ್ಮ ಮನೆತನದವರ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ಯಾರು ಸೋದರಮಾವ, ಯಾರು ದೊಡ್ಡಮ್ಮನ ಮಗ ಎಂದು ತಿಳಿದ ಮೇಲೆ ಮದುವೆಮನೆಯಲ್ಲಿ ಅವಳೇ ಹೋಗಿ ಮಾತನಾಡಿಸಿದಳು. ಗುರುತೇ ಇಲ್ಲದವರಿಗೆ ಮರ್ಯಾದೆ ಕೊಡು ಎಂದರೆ ಮಕ್ಕಳು ಹೇಗೆ ಕೊಡುತ್ತಾರೆ?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಪತಿಯವರಿಗೆ ಈ ಉತ್ತರಗಳನ್ನು ಓದಿ ಹೇಳಿದೆ. ಅವರು ತಂದೆಯವರ ಬಳಿ ತಾವೇ ಮಾತನಾಡಲು ಒಪ್ಪಿದ್ದಾರೆ. ಕಿವಿ ಪರೀಕ್ಷೆಯ ಸಂಗತಿ ನಮಗೆ ಹೊಳೆದೇ ಇರಲಿಲ್ಲ. ಇನ್ನೊಂದು ವಿಚಾರ ಕೇಳಬೇಕಾಗಿದೆ. ಹೊಸ ವರ್ಷದ ಹಬ್ಬವಾದ ವಿಷುವಿಗೆ ಮನೆಮಂದಿಯೆಲ್ಲ ಸೇರುತ್ತಾರೆ. ಮುಂಜಾನೆ ಎದ್ದು, ದೇವರ ಮುಂದೆ ಜೋಡಿಸಿಟ್ಟ ಮಂಗಳ ವಸ್ತುಗಳ ಕಣಿ ನೋಡಿದ ಮೇಲೆ ಕಿರಿಯರು ಹಿರಿಯರ ಕಾಲು ಹಿಡಿದು ನಮಸ್ಕರಿಸುವ ಕ್ರಮವಿದೆ. ದೊಡ್ಡಪ್ಪನವರೂ ಬರುತ್ತಾರೆ. ಎಲ್ಲರೆದುರು ಅವನು ಒಲ್ಲೆನೆಂದರೆ ನಾನೇನು ಮಾಡಲಿ?

ಉತ್ತರ 5: ಕುಂಬಳೆಯ ಅಧ್ಯಾಪಕ

ಆ ದಿನದವರೆಗೆ ಕಾಯಬೇಡಿ. ಅದಕ್ಕೆ ಮೊದಲೇ ಒಂದು ದಿನ ನಿಮ್ಮ ಪತಿ ಮಗನನ್ನು ಕರೆದುಕೊಂಡು ದೊಡ್ಡಪ್ಪನವರ ಮನೆಗೆ ಹೋಗಿ ಬರಲಿ. ಕೋಲಿನ ವಿಚಾರಕ್ಕೆ ಹುಡುಗ ಕ್ಷಮೆ ಕೇಳುವುದೂ, ಅಣಕಿಸಿದ್ದಕ್ಕೆ ಹಿರಿಯರು ಒಂದು ಮೃದುವಾದ ಮಾತು ಹೇಳುವುದೂ ನಾಲ್ಕು ಜನರಿಲ್ಲದ ಕಡೆ ಸುಲಭ. ವಿಷುವಿನ ಹಿಂದಿನ ರಾತ್ರಿ ಯಾರು ಯಾರು ಬರುತ್ತಾರೆ, ಏನೇನು ನಡೆಯುತ್ತದೆ ಎಂದು ಮಗನಿಗೆ ತಿಳಿಸಿ. ಕಣಿಯ ಮುಂದೆ ನೀವಿಬ್ಬರೂ ಮೊದಲು ಮಾವನವರ, ಅತ್ತೆಯವರ ಕಾಲು ಹಿಡಿಯಿರಿ. ಮಕ್ಕಳು ಹಿಂದಿನಿಂದ ಬರಲಿ. ಅಷ್ಟಾದರೂ ಅವನು ಹಿಂಜರಿದರೆ ಕೈಮುಗಿಯಲು ಹೇಳಿ, ಅದಕ್ಕೆ ತೃಪ್ತರಾಗಿ. ಕುತ್ತಿಗೆ ಹಿಡಿದು ಬಗ್ಗಿಸಬೇಡಿ, "ಇವನು ಹೀಗೆಯೇ" ಎಂದು ನೆಂಟರಿಗೆ ವಿವರಿಸಲೂ ಹೋಗಬೇಡಿ. ಸಮಾಲೋಚಕಿಯವರು ಒಪ್ಪುತ್ತಾರೆಂದು ನಂಬಿದ್ದೇನೆ.

ಉತ್ತರ 6: ಕಾಞಂಗಾಡಿನ ಸಮಾಲೋಚಕಿ

ಖಂಡಿತ ಒಪ್ಪುತ್ತೇನೆ, ಮಾಸ್ಟ್ರೇ. ಒಂದನ್ನು ಮಾತ್ರ ಸೇರಿಸುತ್ತೇನೆ. ಅಪ್ಪಿಕೊಳ್ಳುವುದು, ಮುತ್ತು ಕೊಡುವುದು, ಮಡಿಲಲ್ಲಿ ಕೂರುವುದು ಮಗುವಿಗೆ ಇಷ್ಟವಿಲ್ಲದಿದ್ದರೆ ಎಷ್ಟೇ ಹತ್ತಿರದ ಸಂಬಂಧಿಕರಾದರೂ ಒತ್ತಾಯಿಸಬಾರದು. ಇದು ನಿಮ್ಮ 5 ವರ್ಷದ ಮಗಳಿಗೂ ಅನ್ವಯಿಸುತ್ತದೆ. ಬೇಡವೆನಿಸಿದ ಸ್ಪರ್ಶಕ್ಕೆ ಬೇಡ ಎನ್ನುವ ಅಭ್ಯಾಸ ಮಕ್ಕಳ ಸುರಕ್ಷೆಗೆ ಅಗತ್ಯ. ಎದ್ದು ನಿಲ್ಲುವುದು, ಕೈಮುಗಿಯುವುದು, ಕುಳಿತುಕೊಳ್ಳಿ ಎನ್ನುವುದು, ನೀರು ತಂದುಕೊಡುವುದನ್ನು ಇಬ್ಬರಿಗೂ ಈಗಿನಿಂದಲೇ ಅಭ್ಯಾಸ ಮಾಡಿಸಿ. ಕಿವಿ ಪರೀಕ್ಷೆಯ ವರದಿ ಬಂದ ಮೇಲೆ ಇಲ್ಲಿಯೇ ತಿಳಿಸಿದರೆ ಮುಂದಿನದನ್ನು ಮಾತನಾಡೋಣ.