ಆಸ್ಟರಾಯ್ಡ್ ಸಿಟಿ: ಸಾವಿನ ಕಥೆಯಲ್ಲಿ ನಗು ಸರಿಯೇ?

ಪ್ರಶ್ನೆ:
ವೆಸ್ ಆ್ಯಂಡರ್ಸನ್ ಅವರ 2023ರ ‘ಆಸ್ಟರಾಯ್ಡ್ ಸಿಟಿ’ ಚಿತ್ರವನ್ನು ನಿನ್ನೆ ನೋಡಿದೆ. 1955ರ ಅಮೆರಿಕದ ಮರುಭೂಮಿಯಲ್ಲಿರುವ, ಕೇವಲ 87 ಜನರ ಊರಿನ ಕಥೆಯಿದು. ತಾಯಿ ತೀರಿಕೊಂಡು ಮೂರು ವಾರಗಳಾದರೂ ಮಕ್ಕಳಿಗೆ ತಿಳಿಸದ ತಂದೆ, ಆಕೆಯ ಚಿತಾಭಸ್ಮವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟುಕೊಂಡು ಅವರೊಂದಿಗೆ ಅಲ್ಲಿಗೆ ಬರುತ್ತಾನೆ. ಇಂಥ ದುಃಖವನ್ನು ಹಾಸ್ಯವಾಗಿಸುವುದು ಸರಿಯೇ?

ಉತ್ತರ 1:
ಅಲ್ಲಿ ದುಃಖವು ಹಾಸ್ಯಕ್ಕೆ ಗುರಿಯಾಗಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಾಗದ ದೊಡ್ಡವರ ಅಸಹಾಯಕತೆ ನಗು ತರಿಸುತ್ತದೆ. ಮೂವರು ಪುಟ್ಟ ಹೆಣ್ಣುಮಕ್ಕಳು ತಮ್ಮದೇ ಮಂತ್ರಗಳನ್ನು ಹೇಳುತ್ತ ಆ ಡಬ್ಬಿಯನ್ನು ಮೋಟೆಲ್‌ನ ಮಣ್ಣಿನಲ್ಲಿ ಹೂಳುವ ದೃಶ್ಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ನಾನು ಮೊದಲು ನಕ್ಕೆ. ಮರುಕ್ಷಣವೇ ಕಣ್ಣು ತುಂಬಿತು.

ಉತ್ತರ 2:
ದೂರದಲ್ಲಿ ಏಳುವ ಅಣಬೆ ಮೋಡವನ್ನೂ ಮರೆಯಬಾರದು. ನೆವಾಡಾದ ಮರುಭೂಮಿಯಲ್ಲಿ 1951ರಿಂದ ನಿಜವಾಗಿಯೂ ಅಣುಬಾಂಬ್ ಪರೀಕ್ಷೆಗಳು ನಡೆಯುತ್ತಿದ್ದವು. ಲಾಸ್ ವೇಗಸ್‌ಗೆ ಬಂದ ಪ್ರವಾಸಿಗರು ಅವನ್ನು ಜಾತ್ರೆಯ ಬಾಣಬಿರುಸಿನಂತೆ ನಿಂತು ನೋಡುತ್ತಿದ್ದರು. ಚಿತ್ರದಲ್ಲಿಯೂ ಜನರು ಆ ಮೋಡವನ್ನು ನೋಡಿ, ಏನೂ ಆಗದವರಂತೆ ಮುಂದುವರಿಯುತ್ತಾರೆ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯಂತ ಕರಾಳ ನಗು ಅದೇ. ಅಂದಹಾಗೆ, ಚಿತ್ರೀಕರಣಕ್ಕಾಗಿ ಕಥೆಯ ಆ ಊರನ್ನು ನಿರ್ಮಿಸಿದ್ದು ಅಮೆರಿಕದಲ್ಲಲ್ಲ, ಸ್ಪೇನ್‌ನ ಚಿಂಚೋನ್‌ನಲ್ಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೂಳುವ ದೃಶ್ಯದಲ್ಲಿ ನಾನು ತಂದೆಯನ್ನೇ ನೋಡುತ್ತಿದ್ದೆ, ಮಕ್ಕಳನ್ನು ಗಮನಿಸಿರಲಿಲ್ಲ.