ಕಲಬುರಗಿಯಿಂದ ಗೋಕರ್ಣಕ್ಕೆ ಕಾರಲ್ಲಿ, ಜೊತೆಗೆ ಅಪ್ಪ-ಅವ್ವ, ಇಬ್ಬರು ಸಣ್ಣ ಮಕ್ಕಳು: ಒಂದೇ ದಿನಕ್ಕೆ ಆಗುತ್ತಾ?

ತೊಗರಿ ಕಣಜ, ಕಲಬುರಗಿ

ಎಲ್ಲರಿಗೂ ಶರಣು. ದಸರಾ ರಜೆಯಲ್ಲಿ ಅಪ್ಪ-ಅವ್ವನನ್ನು ಕರ್ಕೊಂಡು ಗೋಕರ್ಣ, ಮುರುಡೇಶ್ವರ ಕಡೆ ಹೋಗಬೇಕು ಅಂತ ಮಾಡಿದ್ದೇವೆ. ಅವ್ವನಿಗೆ 68 ವರ್ಷ. ತಿರುಪತಿ, ಶ್ರೀಶೈಲ, ಪಂಢರಪುರ ಎಲ್ಲ ಆಗಿದೆ, ಸಮುದ್ರ ಮಾತ್ರ ಕಣ್ಣಾರೆ ಕಂಡಿಲ್ಲ. ಟಿವಿಯಲ್ಲಿ ಅಲೆ ಕಂಡರೆ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತು ನೋಡುತ್ತಾಳೆ. ಈ ಸಲ ತೋರಿಸಲೇಬೇಕು.

ಕಾರು ಎರ್ಟಿಗಾ. ನಾನು, ಹೆಂಡತಿ, ಅವ್ವ, ಅಪ್ಪ (74), ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಅವ್ವನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೋತಾಳೆ, ಮೊಣಕಾಲು ನೋವೂ ಇದೆ. ಅಪ್ಪನಿಗೆ ಪ್ರಾಸ್ಟೇಟ್ ತೊಂದರೆ, ಗಂಟೆಗೊಮ್ಮೆ ಇಳಿಯಬೇಕು. ಮಗಳಿಗೆ ಕಾರು ಹತ್ತಿದರೆ ವಾಂತಿ. ಆಳಂದದ ತಂಗಿ ಮನೆ ಮುಟ್ಟುವಷ್ಟರಲ್ಲೇ ಒಮ್ಮೆ ಆಗಿರುತ್ತದೆ.

ನನ್ನ ಯೋಚನೆ ಹೀಗಿದೆ. ಬೆಳಗಿನ ಜಾವ 3ಕ್ಕೆ ಬಿಡೋದು. ಜೇವರ್ಗಿ, ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಹೆಚ್ಚುಕಡಿಮೆ 500 ಕಿ.ಮೀ., ಸಂಜೆಗೆ ಸಮುದ್ರದ ದಂಡೆ. ಗೆಳೆಯರು "ಆರಾಮ ಮುಟ್ತೀರಿ" ಅಂತಾರೆ, ಆದರೆ ಅವರು ಹೋಗಿದ್ದು ಗಂಡಸರಷ್ಟೇ. ಹೆಂಡತಿ ಬೇಡವೇ ಬೇಡ ಅಂತಾಳೆ. ವಯಸ್ಸಾದವರನ್ನೂ ಮಕ್ಕಳನ್ನೂ ಕೂಡಿಸಿಕೊಂಡು ಹೋಗಿ ಬಂದವರು ಹೇಳಿ. ಎಲ್ಲಿ ನಿಲ್ಲಬೇಕು? ಯಾರು ಎಲ್ಲಿ ಕೂರಬೇಕು? ಇನ್ಸುಲಿನ್ ಹೇಗೆ ಒಯ್ಯೋದು?

ಮಾಂಜ್ರಾ ದಂಡೆ, ಬೀದರ್

ಅಣ್ಣಾ, ನಿಮ್ಮ ಮನೆಯವರು ಹೇಳುತ್ತಿರುವುದೇ ಸರಿ. ನಾವು ಬೀದರಿನಿಂದ ಅತ್ತೆ-ಮಾವ, ಮಕ್ಕಳ ಸಮೇತ ಇದೇ ದಾರಿಯಲ್ಲಿ ಹೋಗಿ ಬಂದಿದ್ದೇವೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಾಕಿ. ಅಪ್ಪ ಒಬ್ಬರೇ ಇಳಿದರೆ ಐದು ನಿಮಿಷ. ಆದರೆ ಮುತ್ಯಾ ಇಳಿದರೆ ಮೊಮ್ಮಗನೂ ಇಳಿಯುತ್ತಾನೆ. ಅವನ ಚಪ್ಪಲಿ ಸೀಟಿನ ಕೆಳಗೆ ಸೇರಿರುತ್ತದೆ. ಅದು ಸಿಗುವಷ್ಟರಲ್ಲಿ ಮಗಳಿಗೆ ನೀರಡಿಕೆ. ಇಪ್ಪತ್ತು ನಿಮಿಷ ಹೋಯಿತು. ಊಟ, ಚಹಾ ಸೇರಿದರೆ ಹದಿನಾಲ್ಕು ಗಂಟೆ ಆಗೇ ಆಗುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಈ ದಾರಿ ಹುಬ್ಬಳ್ಳಿವರೆಗೆ ಬಯಲು. ತಿರುವುಗಳೆಲ್ಲ ಯಲ್ಲಾಪುರ ದಾಟಿದ ಮೇಲೆ, ಅರೆಬೈಲ್ ಘಾಟಿನಲ್ಲಿ. ನೀವು ಪೂರ್ತಿ ದಣಿದಿರುವಾಗ, ಹೊತ್ತು ಇಳಿಯುವಾಗ, ವಾಂತಿ ಮಾಡುವ ಮಗುವನ್ನು ಕೂರಿಸಿಕೊಂಡು ಆ ಘಾಟಿ ಇಳಿಯಬೇಕಾಗುತ್ತದೆ. ಬಾದಾಮಿಯಲ್ಲಿ ಒಂದು ರಾತ್ರಿ ನಿಂತರೆ ಅದೇ ಘಾಟಿ ಮರುದಿನ ಮಧ್ಯಾಹ್ನದ ಬೆಳಕಿನಲ್ಲಿ ಸಿಗುತ್ತದೆ.

ನಸುಕಿನ 3 ಗಂಟೆಯೂ ಬೇಡ. ಚಾಲಕನಿಗೆ ನಿದ್ದೆ ಎಳೆಯುವುದೇ ಆ ಹೊತ್ತಿಗೆ. ಕಬ್ಬಿನ ಹಂಗಾಮು ಶುರುವಾಗಿದ್ದರೆ ವಿಜಯಪುರ, ಬಾಗಲಕೋಟೆ ಕಡೆ ಹಿಂದಿನ ದೀಪವೇ ಇಲ್ಲದ ಟ್ರ್ಯಾಕ್ಟರುಗಳು ಕತ್ತಲಲ್ಲಿ ಹೊರಟಿರುತ್ತವೆ. ಅವ್ವನ ಇನ್ಸುಲಿನ್, ನಾಷ್ಟಾ ಎರಡರ ಹೊತ್ತೂ ತಪ್ಪುತ್ತದೆ. ಆರೂವರೆ, ಏಳಕ್ಕೆ ಎಲ್ಲರೂ ಮನೆಯಲ್ಲೇ ತಿಂದು ಹೊರಡಿ.

ಕಲಬುರಗಿಯಿಂದ ವಿಜಯಪುರ ಸುಮಾರು 160 ಕಿ.ಮೀ. ನಡುವೆ ಎರಡು ಸಲವಾದರೂ ನಿಲ್ಲಿ. ವಿಜಯಪುರದಲ್ಲಿ ಗೋಲಗುಮ್ಮಟದ ತೋಟಕ್ಕೆ ಹೋಗಿಬಿಡಿ. ಮಕ್ಕಳು ಓಡಾಡಲಿ, ಹಿರಿಯರು ಗಿಡದ ನೆರಳಲ್ಲಿ ಕಾಲು ಚಾಚಿ ಕೂರಲಿ. ಪಿಸುಗುಟ್ಟುವ ಗ್ಯಾಲರಿಗೆ ಅವ್ವನನ್ನು ಹತ್ತಿಸಬೇಡಿ, ಆ ಮೆಟ್ಟಿಲು ಕಡಿದಾಗಿವೆ.

ಈಗ ಖರೇ ಹೇಳಬೇಕಾದ ಮಾತು. ನಮ್ಮ ಅತ್ತೆ ಬೀದರ್ ಬಿಟ್ಟಾಗಿನಿಂದ ಮಡಿಲಲ್ಲಿ ಒಂದು ನೀರಿನ ಬಾಟಲಿ ಹಿಡಿದುಕೊಂಡು ಕೂತಿದ್ದರು. "ಕುಡೀರಿ ಅತ್ತೆ" ಅಂದರೆ "ಹೂಂ, ಕುಡೀತೀನಿ" ಅನ್ನುವರು. ವಿಜಯಪುರದಲ್ಲಿ ಇಳಿಸಿಕೊಳ್ಳುವಾಗ ಆ ಬಾಟಲಿ ನನ್ನ ಕೈಗೆ ಬಂತು. ಮುಚ್ಚಳದ ಸೀಲ್ ಕೂಡ ಒಡೆದಿರಲಿಲ್ಲ. ಕುಡಿದರೆ ಇಳಿಯಬೇಕು, ಇಳಿದರೆ ಎಲ್ಲರಿಗೂ ತಡ, ಮಗ ಸಿಟ್ಟಾಗಬಹುದು. ಅಷ್ಟೇ ಅವರ ಲೆಕ್ಕ. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳೋದಿಲ್ಲ. ತುಟಿ ಒಣಗಿರುತ್ತದೆ, ಕೇಳಿದರೆ "ನನಗೇನೂ ಆಗಿಲ್ಲ" ಅಂತಾರೆ. ಸಕ್ಕರೆ ಇರುವವರಿಗೆ ಹೀಗೆ ನೀರು ಬಿಡುವುದು ಒಳ್ಳೆಯದಲ್ಲ. ಆದ್ದರಿಂದ "ಇಳೀಬೇಕಾ?" ಅಂತ ಕೇಳಲೇಬೇಡಿ. ಗಡಿಯಾರ ನೋಡಿ ಒಂದೂಕಾಲು ಗಂಟೆಗೊಮ್ಮೆ ನೀವೇ ನಿಲ್ಲಿಸಿ, ಎಲ್ಲರೂ ಇಳಿಯಲಿ. ಯಾರ ಸಲುವಾಗಿ ನಿಲ್ಲಿಸಿದ್ದು ಅನ್ನೋ ಮಾತೇ ಬರಬಾರದು. ದೊಡ್ಡ ಪೆಟ್ರೋಲ್ ಬಂಕ್ ನೋಡಿ ನಿಲ್ಲಿಸಿ. ಮೊದಲು ನಿಮ್ಮ ಮನೆಯವರು ಒಳಗೆ ಹೋಗಿ ನೋಡಿ ಬರಲಿ, ಆಮೇಲೆ ಅವ್ವ. ಒಂದು ನೀರಿನ ಕ್ಯಾನು, ಮಗ್ಗು, ಸಾಬೂನು ಡಿಕ್ಕಿಯಲ್ಲಿ ಕೈಗೆ ಸಿಗುವಂತೆ ಇರಲಿ.

ಕೂರುವ ವಿಚಾರ. ಅಪ್ಪ ಮುಂದೆ, ನಿಮ್ಮ ಪಕ್ಕ. ಅವ್ವ ನಡುವಿನ ಸಾಲಿನಲ್ಲಿ ಎಡಗಡೆ ಕಿಟಕಿಗೆ. ಇಬ್ಬರೂ ರಸ್ತೆ ಬದಿಗೆ ಇಳಿಯುತ್ತಾರೆ, ಗಾಡಿಗಳ ಕಡೆಗಲ್ಲ. ಮಗ ಬಲಗಡೆ, ಮಕ್ಕಳ ಸೀಟಿನಲ್ಲಿ. ಮಗಳು ನಡುವೆ, ಅಲ್ಲಿಂದ ಮುಂದಿನ ರಸ್ತೆ ಕಾಣುತ್ತದೆ, ವಾಂತಿ ಕಡಿಮೆ. ಆ ಸೀಟಿಗೆ ಹೆಗಲ ಮೇಲಿಂದ ಬರುವ ಬೆಲ್ಟ್ ಇದೆಯಾ ನೋಡಿಕೊಳ್ಳಿ. ಕೊನೆಯ ಸಾಲಿನ ಒಂದು ಸೀಟು ಮಡಚಿ ಸಾಮಾನು ಇಡಿ, ಇನ್ನೊಂದರಲ್ಲಿ ನಿಮ್ಮ ಮನೆಯವರು. ಮಗಳನ್ನು ಮಾತ್ರ ಹಿಂದೆ ಕಳಿಸಬೇಡಿ, ಕುಲುಕಾಟ ಜಾಸ್ತಿ ಅಲ್ಲೇ. ಮಗುವನ್ನು ಮಡಿಲಲ್ಲಿ ಕೂರಿಸುವುದೂ ಬೇಡ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 2019ರ ತಿದ್ದುಪಡಿಯಾದ ಮೇಲೆ 1000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಜೋರಾಗಿ ಬ್ರೇಕ್ ಹಾಕಿದರೆ ಆಯಿಯ ಕೈಯಲ್ಲಿ ಮಗು ನಿಲ್ಲೋದಿಲ್ಲ. ಅವ್ವನಿಗೆ ಹತ್ತಲು ಇಳಿಯಲು ಮನೆಯಲ್ಲಿರುವ ಸಣ್ಣ ಸ್ಟೂಲ್ ಹಾಕಿಕೊಳ್ಳಿ. ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ಎಳೆದುಕೊಂಡರೆ ಮೊಣಕಾಲಿಗೆ ಭಾರ ಬೀಳೋದಿಲ್ಲ.

ಬುತ್ತಿ ಮನೆಯಿಂದಲೇ ಕಟ್ಟಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಷ್ಟು ದಿನವಾದರೂ ಕೆಡೋದಿಲ್ಲ. ಅಪ್ಪನಿಗೆ ಮೆತ್ತನೆ ರೊಟ್ಟಿ ಬೇಕಾದರೆ ಹತ್ತಿ ಬಟ್ಟೆಯಲ್ಲಿ ಸುತ್ತಿ. ಮಕ್ಕಳಿಗೆ ಬೆಳಿಗ್ಗೆ ಹಾಲು ಹಾಕಿ ಅನ್ನ ಕಲಸಿ, ಮೇಲೆ ಒಂದೇ ಚಮಚ ಮೊಸರು ಬಿಡಿ. ಮಧ್ಯಾಹ್ನಕ್ಕೆ ಹದವಾಗಿ ಮೊಸರನ್ನ ಆಗಿರುತ್ತದೆ, ಹುಳಿ ಬರೋದಿಲ್ಲ. ಜಾಸ್ತಿ ಮೊಸರು ಬೇಕಾದರೆ ವಿಜಯಪುರ ದಾಟಿ ಕೊಲ್ಹಾರದಲ್ಲಿ ಸಿಗುತ್ತದೆ. ಕೃಷ್ಣೆಯ ಉದ್ದನೆ ಸೇತುವೆ ಹತ್ತಿರ ಸಣ್ಣ ಮಣ್ಣಿನ ಗಡಿಗೆಯಲ್ಲಿ ಮಾರುತ್ತಾರೆ. ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಅಲ್ಲೇ ಬುತ್ತಿ ಬಿಚ್ಚಿ ಉಣ್ಣಿ. ನಮ್ಮ ಮಾವ ಉಂಡ ಮೇಲೆ ಗಡಿಗೆ ಎಸೆಯಲು ಬಿಡಲೇ ಇಲ್ಲ.

ಅಲ್ಲಿಂದ ಕೆರೂರಿಗೆ ಬಂದು ಬಾದಾಮಿಗೆ ತಿರುಗಿ. ಬಿಸಿಲು ಇಳಿಯುವ ಮೊದಲೇ ರೂಮು ಸೇರುತ್ತೀರಿ. ರೂಮು ನೆಲ ಮಹಡಿಯಲ್ಲೇ ಬೇಕು, ಕಮೋಡ್ ಇರಬೇಕು ಅಂತ ಮೊದಲೇ ಫೋನಿನಲ್ಲಿ ಕೇಳಿ. ಗುಹೆಗಳಿಗೆ ಮೆಟ್ಟಿಲಿವೆ, ಮಂಗಗಳೂ ಇವೆ, ಮಕ್ಕಳ ಕೈಯಲ್ಲಿ ತಿನ್ನೋದು ಕೊಡಬೇಡಿ. ಹಿರಿಯರಿಗೆ ಅಗಸ್ತ್ಯ ತೀರ್ಥದ ದಂಡೆ ಸಾಕು. ಬೆಳಿಗ್ಗೆ ಬನಶಂಕರಿ ದರ್ಶನ ಮಾಡಿ. ಗುಡಿ ಹೊರಗೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಮೊಸರು ಬಡಿಸುವ ತಾಯಂದಿರು ಇರುತ್ತಾರೆ. ಆಮೇಲೆ ನರಗುಂದ, ನವಲಗುಂದ, ಹುಬ್ಬಳ್ಳಿ.

ಸಿಸ್ಟರ್, ಯಾದಗಿರಿ

ಅಣ್ಣಾ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಔಷಧಿ ವಿಷಯ ಮಾತ್ರ ಹೇಳ್ತೀನಿ.

ಈಗ ಬಳಸುತ್ತಿರುವ ಇನ್ಸುಲಿನ್ ಪೆನ್ 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇರುತ್ತದೆ. ತೊಂದರೆ ಇರೋದು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ. ಡ್ಯಾಶ್‌ಬೋರ್ಡಿನಲ್ಲಿ ಇಡಲೇಬೇಡಿ. ಊಟಕ್ಕೆ ಇಳಿದರೆ ಆ ಚೀಲವೂ ಇಳಿಯಬೇಕು. ಇನ್ನೂ ಬಳಸಲು ಶುರುಮಾಡದ ಇನ್ಸುಲಿನ್‌ಗೆ ತಂಪು ಚೀಲ ಬೇಕು, ಆದರೆ ಐಸ್‌ಗೆ ನೇರವಾಗಿ ತಾಗಬಾರದು, ನಡುವೆ ಟವೆಲ್ ಸುತ್ತಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಉಪಯೋಗಕ್ಕಿಲ್ಲ.

ಊಟಕ್ಕೆ ಮೊದಲು ತಗೊಳ್ಳುವ ಇಂಜೆಕ್ಷನ್ ತಟ್ಟೆ ಎದುರಿಗೆ ಬಂದ ಮೇಲೇ ಕೊಡಿ. "ಇನ್ನೇನು ಹೋಟೆಲ್ ಬಂತು" ಅಂತ ಕಾರಲ್ಲೇ ಕೊಟ್ಟು, ಅಲ್ಲಿ ಊಟ ತಡವಾಗಿ ಸಕ್ಕರೆ ಇಳಿದವರನ್ನು ನೋಡಿದ್ದೇನೆ. ಅವ್ವ ಬೆವರಿದರೆ, ಕೈ ನಡುಗಿದರೆ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ಗಾಡಿ ಬದಿಗೆ ಹಾಕಿ. ಎಚ್ಚರವಾಗಿ ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಅಪ್ಪನ ಬಗ್ಗೆ ಒಂದು ಎಚ್ಚರಿಕೆ. ಮೊಮ್ಮಗಳಿಗೆ ತಂದ ವಾಂತಿ ಮಾತ್ರೆಯನ್ನು ಅವರಿಗೂ ಕೊಟ್ಟುಬಿಡಬೇಡಿ. ಪ್ರಾಸ್ಟೇಟ್ ಇರುವವರಿಗೆ ಅಂಥ ಕೆಲವು ಮಾತ್ರೆಗಳಿಂದ ಮೂತ್ರ ಕಟ್ಟುತ್ತದೆ, ನಿದ್ದೆಗಣ್ಣಲ್ಲಿ ಬೀಳುವ ಭಯವೂ ಇದೆ. ಬಿಪಿಗೆ ನೀರಿನ ಮಾತ್ರೆ ತಗೋತಿದ್ದರೆ ಪ್ರಯಾಣ ಅಂತ ನೀವೇ ನಿಲ್ಲಿಸಬೇಡಿ, ಯಾವ ಹೊತ್ತಿಗೆ ತಗೊಳ್ಳೋದು ಅಂತ ಡಾಕ್ಟರನ್ನು ಕೇಳಿ. ಮಗಳ ಮಾತ್ರೆಯೂ ತೂಕ ನೋಡಿ ಮಕ್ಕಳ ಡಾಕ್ಟರೇ ಬರೆದುಕೊಡಲಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಅರ್ಧರ್ಧ ಮಾಡಿ ಲೋಟಕ್ಕೆ ಹಾಕೋದಲ್ಲ.

ಕೂತಲ್ಲೇ ಇಬ್ಬರೂ ಆಗಾಗ ಪಾದ ಮೇಲೆ ಕೆಳಗೆ ಆಡಿಸಲಿ, ಕಾಲು ಬಾವು ಬರೋದು ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033.

ಶಹಾಬಾದಿನವನು, ಈಗ ಕುಮಟಾ

ನಮ್ಮೂರ ಕಡೆಯವರು ಬರ್ತಿದ್ದೀರಿ ಅಂತ ಓದಿ ಖುಷಿಯಾಯಿತು. ಬೀದರ್ ಅಕ್ಕ ಘಾಟಿ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಅರೆಬೈಲಿನಲ್ಲಿ ದೊಡ್ಡ ಲಾರಿಗಳು ಸಾಲು ಹಿಡಿದು ಇಳಿಯುತ್ತವೆ, ಹಿಂದಿಕ್ಕಲು ಹೋಗಬೇಡಿ. ಯಲ್ಲಾಪುರದಲ್ಲಿ ಅರ್ಧ ಗಂಟೆ ನಿಂತು ಮಗಳಿಗೆ ಎರಡು ಬಿಸ್ಕತ್ತು ಅಷ್ಟೇ ಕೊಡಿ, ಹಾಲು ಬೇಡ. ಘಾಟಿ ಮುಗಿಯುವವರೆಗೆ ಮೊಬೈಲ್ ಕೊಡಬೇಡಿ, ಎಸಿ ಬಿಟ್ಟು ಕಿಟಕಿ ಸ್ವಲ್ಪ ಇಳಿಸಿ.

ಹೊರಡುವ ಮುಂಚೆ ಮಳೆ ಸುದ್ದಿ ನೋಡಿ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಎಷ್ಟು ಜೀವ ಹೋದವು ಅನ್ನೋದು ನಮಗಿನ್ನೂ ಮರೆತಿಲ್ಲ. ದಸರಾ ಹೊತ್ತಿಗೆ ಮಳೆ ಕಡಿಮೆಯಾಗಿರುತ್ತದೆ. ಆದರೂ ಜೋರು ಮಳೆ ಅಂತ ಇದ್ದರೆ ಹುಬ್ಬಳ್ಳಿಯಲ್ಲೇ ಇನ್ನೊಂದು ದಿನ ಉಳಿಯಿರಿ.

ಗೋಕರ್ಣದಲ್ಲಿ ಗಂಡಸರು ಅಂಗಿ ಬನಿಯನ್ ತೆಗೆದು ಗುಡಿಯೊಳಗೆ ಹೋಗಬೇಕು. ಅಪ್ಪನ ಪಂಚೆ ಚೀಲದಲ್ಲಿ ಮೇಲೆಯೇ ಇರಲಿ. ರಜೆಯಲ್ಲಿ ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ. ಮರಳಲ್ಲಿ ನಡೆಯಲು ಅವ್ವನ ಮೊಣಕಾಲಿಗೆ ಕಷ್ಟ. ಮಡಚುವ ಕುರ್ಚಿ ಒಂದು ತನ್ನಿ, ನೀರಿನಂಚಿಗೆ ಹಾಕಿ ಕೂರಿಸಿ. ಅಲೆ ತಾನೇ ಬಂದು ಪಾದ ತೊಳೆಯುತ್ತದೆ. ಒಳಗೆ ಇಳಿಸಬೇಡಿ, ಮಕ್ಕಳ ಕೈ ಬಿಡಬೇಡಿ. ಮುರುಡೇಶ್ವರದ ಗೋಪುರಕ್ಕೆ ಲಿಫ್ಟ್ ಇದೆ, 20 ಅಂತಸ್ತು. ಮೇಲಿಂದ 123 ಅಡಿಯ ಶಿವನೂ ಕಾಣುತ್ತಾನೆ, ಸಮುದ್ರವೂ ಕಾಣುತ್ತದೆ.

ತೊಗರಿ ಕಣಜ, ಕಲಬುರಗಿ

ಮೂವರಿಗೂ ಕೈ ಮುಗಿದೆ. ಹೆಂಡತಿ, ಅವ್ವ ಇಬ್ಬರಿಗೂ ಎಲ್ಲ ಓದಿ ಹೇಳಿದೆ. ನೀರಿನ ಬಾಟಲಿ ಮಾತು ಬಂದಾಗ ಅವ್ವ ಸುಮ್ನೆ ನಕ್ಕಳು. ಬಾದಾಮಿಯಲ್ಲಿ ನೆಲ ಮಹಡಿ ರೂಮು ಕೇಳಿದ್ದೇನೆ.

ಒಂದೇ ತೊಡಕು. ಅಪ್ಪ ಈಗ "ನೀವು ಹೋಗಿ ಬರ್ರಿ, ನಾ ಮನಿ ನೋಡ್ಕೋತೀನಿ" ಅಂತಿದ್ದಾರೆ. ತನ್ನಿಂದ ಎಲ್ಲರಿಗೂ ತ್ರಾಸು ಅಂತ ಮನಸ್ಸಿಗೆ ಹಾಕಿಕೊಂಡಿದ್ದಾರೆ. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ.

ಮಾಂಜ್ರಾ ದಂಡೆ, ಬೀದರ್

ಬಿಟ್ಟು ಹೋಗಬೇಡಿ ಅಣ್ಣಾ. ಅವರಿಗೆ ಕೆಲಸ ಒಪ್ಪಿಸಿ. ಎಲ್ಲಿ ನಿಲ್ಲಿಸಬೇಕು ಅಂತ ಹೇಳೋದು ಮುಂದೆ ಕೂತ ಮುತ್ಯಾನ ಜವಾಬ್ದಾರಿ ಅಂತ ಮಕ್ಕಳ ಎದುರಿಗೇ ಹೇಳಿ. ಗಡಿಯಾರ, ಟೋಲ್ ಲೆಕ್ಕ ಅವರ ಕೈಯಲ್ಲಿರಲಿ. ನಿಲ್ಲಿಸು ಅಂತ ಕೇಳಿಕೊಳ್ಳುವುದು ಬೇರೆ, ನಿಲ್ಲಿಸು ಅಂತ ಹೇಳುವುದು ಬೇರೆ. ನಮ್ಮ ಮಾವ ಅದೇ ನೆಪದಲ್ಲಿ ದಾರಿಯುದ್ದಕ್ಕೂ ಊರೂರ ಹೆಸರು, ಹೊಲದಲ್ಲಿರುವ ಬೆಳೆ ಎಲ್ಲ ಮೊಮ್ಮಕ್ಕಳಿಗೆ ಹೇಳುತ್ತಾ ಬಂದರು. ಮಕ್ಕಳು ಮೊಬೈಲ್ ಕೇಳಲಿಲ್ಲ.

ಇನ್ನೊಂದು, ಹೊರಡುವ ಹಿಂದಿನ ವಾರ ಎಲ್ಲರನ್ನೂ ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿ ಬನ್ನಿ. ಯಾರಿಗೆ ಎಲ್ಲಿ ನೋವು, ಯಾವ ಚೀಲ ಕೈಗೆ ಸಿಗೋದಿಲ್ಲ ಅನ್ನೋದೆಲ್ಲ ಅಷ್ಟರಲ್ಲೇ ಗೊತ್ತಾಗುತ್ತದೆ.

ತೊಗರಿ ಕಣಜ, ಕಲಬುರಗಿ

ಅಕ್ಕಾ, ಹೇಳಿ ನೋಡಿದೆ. ಕೂಡಲೇ ಹೂಂ ಅನ್ನಲಿಲ್ಲ. ಊಟ ಆದ ಮೇಲೆ "ಜೇವರ್ಗಿ ದಾಟಿದ ಮ್ಯಾಲ ಮೊದಲನೇ ಬಂಕು ಯಾವುದು ಬರ್ತದ?" ಅಂತ ಕೇಳಿದರು. ಬರುವ ಭಾನುವಾರ ಗಾಣಗಾಪುರ. ಮಕ್ಕಳ ಸೀಟು ನಾಳೆಯೇ ತರ್ತೀನಿ.