ಬೀಗ, ಗ್ಯಾಸ್ ಪರೀಕ್ಷಿಸುವ ಒಸಿಡಿ: ಇಆರ್‌ಪಿ ಮಾಡಿದರೂ ಆತಂಕ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ:
ತಂಗಿಗೆ ಒಸಿಡಿ (ಬೇಡದ ಅನುಮಾನ ಬಂದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ) ಇದೆ. ಗ್ಯಾಸ್ ಒಲೆ, ಬಾಗಿಲ ಬೀಗ ಇವೇ ಮುಖ್ಯ. ಸರ್ಟ್ರಾಲಿನ್ 50 ಮಿ.ಗ್ರಾಂ ಶುರುವಾಗಿ ನಾಲ್ಕು ವಾರವಾಯಿತು, ಜೊತೆಗೆ ಇಆರ್‌ಪಿ ಥೆರಪಿ (ಭಯವನ್ನು ಎದುರಿಸಿ, ಪರೀಕ್ಷಿಸದೆ ಇರುವ ಅಭ್ಯಾಸ) ನಡೆದಿದೆ. ಈಗ ಒಂದೇ ಸಲ ಬೀಗ ಹಾಕಿ, ತಿರುಗಿ ನೋಡದೆ ಹೊರಡುತ್ತಾಳೆ. ಆದರೆ ದಾರಿಯುದ್ದಕ್ಕೂ ಆತಂಕ ಹಾಗೇ ಇರುತ್ತದೆ. ಎಲ್ಲಿ ತಪ್ಪುತ್ತಿದೆ? ಮಾತ್ರೆ ಹಿಡಿಯುತ್ತಿಲ್ಲವೇ? "ಬೀಗ ಹಾಕಿದೆ ಅಲ್ವಾ?" ಎಂದು ಕೇಳಿದಾಗ ನಾವು ಏನು ಹೇಳಬೇಕು?

ಉತ್ತರ 1:
ಕೈ ಪರೀಕ್ಷಿಸುವುದನ್ನು ಬಿಟ್ಟಿದೆ, ಮನಸ್ಸು ಬಿಟ್ಟಿಲ್ಲ ಅನ್ನಿಸುತ್ತದೆ. ಇಆರ್‌ಪಿಯಲ್ಲಿ ಭಯವನ್ನು ಎದುರಿಸುವುದು ಅರ್ಧ ಕೆಲಸ. ಆಮೇಲೆ ಸಮಾಧಾನಕ್ಕಾಗಿ ಏನನ್ನೂ ಮಾಡದಿರುವುದು ಉಳಿದರ್ಧ, ಹೆಚ್ಚಾಗಿ ಎಡವುವುದು ಅಲ್ಲೇ. ಇವುಗಳಲ್ಲಿ ಯಾವುದಾದರೂ ನಡೆಯುತ್ತಿದೆಯೇ ಕೇಳಿ: ಬೀಗ ಹಾಕಿದ ಕ್ಷಣವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡುವುದು, ಹಾಕುವಾಗ "ಹಾಕಿದೆ" ಎಂದು ಹೇಳಿಕೊಳ್ಳುವುದು, ಎಣಿಸುವುದು, ಫೋಟೊ ತೆಗೆದುಕೊಳ್ಳುವುದು, ಬೇಕೆಂದೇ ಇನ್ನೊಬ್ಬರ ಎದುರಿಗೆ ಬೀಗ ಹಾಕುವುದು. ಇವೆಲ್ಲವೂ ಪರೀಕ್ಷೆಯೇ, ಹೊರಗೆ ಕಾಣುವುದಿಲ್ಲ ಅಷ್ಟೇ.

ನೆನಪನ್ನು ಕೆದಕಿದಷ್ಟೂ ಅದು ಮಂಜಾಗುತ್ತದೆ. 2003ರಲ್ಲಿ ವಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ಸಂಶೋಧಕರು ಕಂಪ್ಯೂಟರ್ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಆರೋಗ್ಯವಂತರಿಂದ ಪದೇ ಪದೇ ಪರೀಕ್ಷೆ ಮಾಡಿಸಿದ್ದರು. ನೆನಪು ಸರಿಯಾಗಿಯೇ ಇತ್ತು, ಆದರೆ ಅದರ ಮೇಲಿನ ನಂಬಿಕೆ ಕುಸಿದಿತ್ತು. ಹಾಗಾಗಿ "ಪೂರ್ತಿ ಖಾತ್ರಿಯಾಗುವವರೆಗೆ" ಎಂಬ ಗುರಿ ಎಂದೂ ಮುಟ್ಟುವಂಥದ್ದಲ್ಲ.

ಅನುಮಾನ ಬಂದರೆ ಅದನ್ನು ಬಗೆಹರಿಸಲು ಹೋಗಬಾರದು. "ಹಾಕಿರಬಹುದು, ಹಾಕದೆಯೂ ಇರಬಹುದು" ಎಂದು ಒಮ್ಮೆ ಅಂದುಕೊಂಡು ಕೈಯಲ್ಲಿದ್ದ ಕೆಲಸ ಮುಂದುವರಿಸಬೇಕು. ಆ ಮಾತನ್ನೇ ಮಂತ್ರದ ಹಾಗೆ ಜಪಿಸಿದರೆ ಅದೂ ಹೊಸ ಗೀಳಾಗುತ್ತದೆ, ಎಚ್ಚರ.

ಆತಂಕಕ್ಕೆ 0–100 ಅಂಕ ಕೊಟ್ಟು ಪಟ್ಟಿ ಮಾಡಿ, 30–40ರ ಕೆಲಸದಿಂದ ಶುರು ಮಾಡಲಿ. ಉದಾಹರಣೆಗೆ, ಒಲೆ ಆರಿಸಿ ಪಕ್ಕದ ಕೋಣೆಗೆ ಹೋಗುವುದು 35, ಎಲ್ಲರಿಗಿಂತ ಕೊನೆಗೆ ಮನೆ ಬಿಡುವುದು 60, ಬೀಗ ಹಾಕಿ ರಾತ್ರಿ ಬೇರೆ ಊರಲ್ಲಿ ಉಳಿಯುವುದು 85. ದಿನವೂ ಮಾಡಬೇಕು, ಬೇರೆ ಬೇರೆ ಹೊತ್ತಿನಲ್ಲಿ ಮಾಡಬೇಕು. ಆತಂಕ ಅಲ್ಲಿಯೇ ಇಳಿಯಲೇಬೇಕೆಂದಿಲ್ಲ. "ಏನಾಗುತ್ತದೆ ಎಂದು ಹೆದರಿದ್ದೆ, ಏನಾಯಿತು, ಆತಂಕವನ್ನು ತಡೆದುಕೊಳ್ಳಲು ಆಯಿತೇ" ಎಂದು ಬರೆದಿಡುವುದು ಹೆಚ್ಚು ಮುಖ್ಯ. ತಡೆಯಲಾಗದೆ ಪರೀಕ್ಷಿಸಿಬಿಟ್ಟರೆ ಬೈದುಕೊಳ್ಳುವುದು ಬೇಡ. ಒಲೆಯನ್ನು ಮತ್ತೆ ಹೊತ್ತಿಸಿ, ಆರಿಸಿ, ಈ ಸಲ ನೋಡದೆ ಹೊರಡಲಿ. ಪರೀಕ್ಷೆಯಿಂದ ಸಿಕ್ಕ ಖಾತ್ರಿ ಹೀಗೆ ಅಲ್ಲಿಗೇ ರದ್ದಾಗುತ್ತದೆ.

ಉತ್ತರ 2:
ಮಾತ್ರೆಯ ಬಗ್ಗೆ ಈಗಲೇ ತೀರ್ಮಾನ ಬೇಡ. ಒಸಿಡಿಗೆ ಸರ್ಟ್ರಾಲಿನ್‌ನಂತಹ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಖಿನ್ನತೆಗಿಂತ ಹೆಚ್ಚಿನ ಡೋಸ್‌ನಲ್ಲಿ, ಹೆಚ್ಚು ಕಾಲ ಬೇಕಾಗುವುದು ಸಾಮಾನ್ಯ. ಸರ್ಟ್ರಾಲಿನ್ 200 ಮಿ.ಗ್ರಾಂವರೆಗೆ ಹೋಗಬಹುದು. ಕೆಲಸ ಮಾಡಿತೇ ಇಲ್ಲವೇ ಎಂದು ಹೇಳಲು 8–12 ವಾರ ಬೇಕು, ಅದರಲ್ಲಿ ಕೊನೆಯ ಕೆಲವು ವಾರಗಳಾದರೂ ಸಾಕಷ್ಟು ಡೋಸ್‌ನಲ್ಲಿ ಇರಬೇಕು. ಏರಿಸುವುದು ಡಾಕ್ಟರ್ ಕೈಯಲ್ಲೇ ಇರಲಿ.

ಮೊದಲ ವಾರಗಳಲ್ಲಿ ವಾಕರಿಕೆ, ಚಡಪಡಿಕೆ, ನಿದ್ದೆಗೇಡು ಇರಬಹುದು. ವಯಸ್ಸು 25ಕ್ಕಿಂತ ಕಡಿಮೆಯಿದ್ದರೆ ಶುರುವಿನಲ್ಲಿ ಮತ್ತು ಡೋಸ್ ಬದಲಾದಾಗ ವಿಶೇಷ ಗಮನ ಬೇಕು. ಸಾಯುವ ಯೋಚನೆ ಕಂಡರೆ ಅದೇ ದಿನ ಡಾಕ್ಟರನ್ನು ಕಾಣಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದಂತಹ ಅನುಭವ ಬರಬಹುದು. ಗುಣ ಕಂಡ ಮೇಲೂ ಒಂದೆರಡು ವರ್ಷ ಮುಂದುವರಿಸಿ, ನಂತರ ನಿಧಾನವಾಗಿ ಇಳಿಸುವುದು ರೂಢಿ. ಆತಂಕವನ್ನು ಬೇಗ ತಗ್ಗಿಸುವ ಅಲ್ಪ್ರಜೋಲಮ್, ಕ್ಲೋನಜೆಪಾಮ್ ಮಾತ್ರೆಗಳು ಒಸಿಡಿಯ ಚಿಕಿತ್ಸೆಯಲ್ಲ. ಇಆರ್‌ಪಿ ಅಭ್ಯಾಸಕ್ಕೆ ಮುಂಚೆ ನುಂಗಿದರೆ ಕಲಿಯಬೇಕಾದದ್ದನ್ನೇ ಮಸುಕಾಗಿಸಬಹುದು.

ಉತ್ತರ 3:
ಮನೆಯವರ ವಿಷಯ. "ಹಾಕಿದೆ, ಹೆದರಬೇಡ" ಎಂಬ ಉತ್ತರ ಪ್ರೀತಿಯಿಂದಲೇ ಬರುತ್ತದೆ, ಆದರೆ ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ತರುತ್ತದೆ. ಹಾಗೆಂದು ಇವತ್ತಿನಿಂದ ಉತ್ತರವಿಲ್ಲ ಎಂದು ಏಕಾಏಕಿ ಬಾಗಿಲು ಮುಚ್ಚಬೇಡಿ, ಅವಳಿಗೆ ಅದು ಶಿಕ್ಷೆಯಂತೆ ಕಾಣುತ್ತದೆ. ಆತಂಕವಿಲ್ಲದ ಹೊತ್ತಿನಲ್ಲಿ ಕೂತು, ಅವಳ ಒಪ್ಪಿಗೆಯಿಂದಲೇ ಒಂದು ಮಾತು ಗೊತ್ತು ಮಾಡಿಕೊಳ್ಳಿ: "ಇದು ಒಸಿಡಿ ಕೇಳುತ್ತಿರುವ ಪ್ರಶ್ನೆ. ಉತ್ತರ ಕೊಡಲ್ಲ, ನಿನ್ನ ಜೊತೆ ಇರ್ತೀನಿ." ಮನೆಯ ಎಲ್ಲರೂ ಅದನ್ನೇ ಹೇಳಬೇಕು. ಅಮ್ಮ ಒಂದು, ಅಣ್ಣ ಒಂದು ಹೇಳಿದರೆ ಪ್ರಶ್ನೆ ಉತ್ತರ ಕೊಡುವವರ ಕಡೆಗೆ ತಿರುಗುತ್ತದೆ. ಮೊದಲ ಕೆಲವು ದಿನ ಪ್ರಶ್ನೆಗಳು ಹೆಚ್ಚಾಗಬಹುದು. ಆಗ ಸೋತು ಉತ್ತರಿಸಿದರೆ, ಜೋರಾಗಿ ಕೇಳಿದರೆ ಸಿಗುತ್ತದೆ ಎಂಬ ಪಾಠವಾಗುತ್ತದೆ.

ಪ್ರಶ್ನೆ ಕೇಳಿದವರು:
ಫೋಟೊ ತೆಗೆಯುತ್ತಾಳಂತೆ, ಈಗ ತಿಳಿಯಿತು. ಒಮ್ಮೆಗೇ ಬಿಡಿಸಬೇಕೇ?

ಉತ್ತರ 1:
ಒಮ್ಮೆಗೇ ಬಿಡಲು ಸಾಧ್ಯವಾದರೆ ಒಳ್ಳೆಯದು. ಕಷ್ಟವಾದರೆ ಮೊದಲು ತೆಗೆಯಲಿ, ಆದರೆ ನೋಡಬಾರದು. ನಂತರ ಬಾಗಿಲಲ್ಲೇ ಅಳಿಸಿ ಹೊರಡಲಿ, ಆಮೇಲೆ ತೆಗೆಯುವುದನ್ನೇ ಬಿಡಲಿ. ಥೆರಪಿಸ್ಟ್‌ಗೂ ಇದನ್ನು ತಪ್ಪದೆ ಹೇಳಿ. ಅವರ ಪಟ್ಟಿಯಲ್ಲಿ ಫೋಟೊ ಇದ್ದಿರಲಾರದು.